ಹೊಟ್ಟೆಗೆ ಕಿವಿ ಹಚ್ಚಿದವನು

“ಸಾವ್ಕಾರ್ರ, ಇಲ್ಲಿ ಕಿವಿ ಇಟ್ಟು ಒಂಚೂರು ಕೇಳ್ರಿ,” ಎಂದು ಹರಿಗೋಲಿನಲ್ಲಿ ನನ್ನ ಪಕ್ಕ ಕುಳಿತವನು ಅಂಗಿ ಎತ್ತಿ ಹೊಟ್ಟೆ ತೋರಿಸಿದ. ಕಂಪ್ಲಿಯಿಂದ ಹೊಳೆ ದಾಟುತ್ತಿದ್ದೆವು. ನಾನು ಗಿರಣಿಗೆ ಭತ್ತ ನೋಡಲು ಹೊರಟಿದ್ದೆ. ಕಬ್ಬಿನ ಗಾಡಿ ಹೊಡೆಯುವ ಆತ ಆಚೆ ದಡದ ನಿಜಾಮರ ಸೀಮೆಗೆ ಸೇಂದಿ ಕುಡಿಯಲು ಹೊರಟಿದ್ದ.

ನಮ್ಮ ಕಡೆ ಸರ್ಕಾರ ಸೇಂದಿ ಅಂಗಡಿ ಮುಚ್ಚಿಸಿದಾಗ ಅವನೂ ಕುಡಿತ ಬಿಟ್ಟಿದ್ದನಂತೆ. ಮೀಸೆ ಮೂಡಿದಾಗಿನಿಂದ ಕುಡಿದ ಹೊಟ್ಟೆ ಅದು. ಬಿಟ್ಟ ಮೇಲೆ ಹುಳಿತೇಗು ಶುರುವಾಗಿತ್ತು, ಉಂಡ ಕೂಡಲೇ ಒಳಗೆ ಏನೋ ಗುಡುಗುಟ್ಟುತ್ತಿತ್ತು. ಕರುಳು ಕೊಳೆಯುತ್ತಿದೆ, ಮತ್ತೆ ಕುಡಿದರಷ್ಟೇ ಬದುಕುತ್ತೇನೆ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ.

ಬೇರೆ ದಾರಿ ಕಾಣದೆ ಬಗ್ಗಿ ಕಿವಿ ಇಟ್ಟೆ. ಯಾರ ಹೊಟ್ಟೆಯಲ್ಲಾದರೂ ಕೇಳುವ ಗುಳುಗುಳು ಸದ್ದು. “ನಂದೂ ಹಿಂಗ ಮಾಡ್ತೈತಿ,” ಎಂದೆ. ಅವನು ನಂಬಲಿಲ್ಲ. ಎಲ್ಲರೆದುರೇ ನನ್ನ ಹೊಟ್ಟೆಗೆ ಕಿವಿ ಹಚ್ಚಿ ಭಾರಿ ಶ್ರದ್ಧೆಯಿಂದ ಕೇಳಿದ. ಬೆಳಿಗ್ಗೆ ತಿಂದ ಜೋಳದ ರೊಟ್ಟಿ ನನ್ನ ಮಾತು ಉಳಿಸಿತು.

“ನೀವು ಯಾವಾಗ ಬಿಟ್ರಿ?” ಎಂದು ತಲೆ ಎತ್ತಿ ಕೇಳಿದ.

“ನಾ ಕುಡದವನ ಅಲ್ಲಪಾ.”

ಅವನು ಎತ್ತಿದ ಅಂಗಿ ಇಳಿಸಿಕೊಂಡ. ಆಚೆ ದಡದಲ್ಲಿ ಉಳಿದವರೆಲ್ಲ ಇಳಿದೆವು. ಹರಿಗೋಲು ಕಂಪ್ಲಿಗೆ ತಿರುಗಿದಾಗ ಅವನು ಅದರಲ್ಲೇ ಕುಳಿತಿದ್ದ, ಒಂದು ಕೈ ಹೊಟ್ಟೆಯ ಮೇಲೆ.

ಆಮೇಲೆ ಅವನನ್ನು ನೋಡಲಿಲ್ಲ. ನನಗೆ ಮಾತ್ರ ಅಂದಿನಿಂದ ಊಟವಾದ ಮೇಲೆ ಹೊಟ್ಟೆ ಸದ್ದು ಮಾಡದಿದ್ದರೆ ಭಯವಾಗುತ್ತದೆ.