ಹನ್ನೆರಡರ ಮೇಲೆ ಅಪ್‌ಗ್ರೇಡ್

ಕೋಲಾರದ ರಿಪೇರಿ ಅಂಗಡಿಯಲ್ಲಿ ಲ್ಯಾಪ್‌ಟಾಪನ್ನು ಬೋರಲು ಹಾಕಿ ತಟ್ಟಿದಾಗ ಕೀಲಿಗಳ ಸಂದಿಯಿಂದ ಕುಂಕುಮ ಉದುರಿತು. ಜೊತೆಗೆ ಒಂದೆರಡು ಅಕ್ಷತೆ ಕಾಳು. ರಿಪೇರಿಯವರು ನನ್ನ ಮುಖ ನೋಡಿದರು. "ಆಯುಧಪೂಜೆದು. ನಾನು ಹಾಕಿದ್ದಲ್ಲ, ಅಕ್ಕ ಹಾಕಿದ್ದು," ಅಂದೆ. ಯಾವ ಅಕ್ಕ ಅಂತ ಪಾಪ ಅವರಿಗೆ ಹೇಗೆ ಗೊತ್ತಾಗಬೇಕು? ನಕ್ಕು, ಬ್ರಶ್ಶಿನಲ್ಲಿ ಗುಡಿಸಿ ಹಾಕಿದರು.

ನಾನು ಮುಳಬಾಗಿಲಲ್ಲಿ ಜನರಿಗೆ ಆನ್‌ಲೈನ್ ಅರ್ಜಿ ತುಂಬಿಕೊಡುವವಳು. ಈಚೆಗೆ ಒಂದೊಂದೇ ವೆಬ್‌ಸೈಟು ಈ ಹಳೇ ಲ್ಯಾಪ್‌ಟಾಪಿನಲ್ಲಿ ತೆರೆಯಲ್ಲ ಅಂತ ಹಠ ಹಿಡಿದಿತ್ತು. ಹೊಸ ಆಪರೇಟಿಂಗ್ ಸಿಸ್ಟಂ ಹಾಕಿಸಿದರೆ ಕೆಲಸ ನಡೆಯುತ್ತೆ. ಆದರೆ ಅಕ್ಕ ಮದುವೆ ಕಾರ್ಡು ಮಾಡುತ್ತಿದ್ದ ಸಾಫ್ಟ್‌ವೇರು ಹೊಸದರಲ್ಲಿ ಓಡಲ್ಲ. ಅದು ಓಡದಿದ್ದರೆ ಅವರು ಮಾಡಿಟ್ಟ ಒಂದು ಕಾರ್ಡೂ ತೆರೆಯಲ್ಲ. ಬೇರೆ ಲ್ಯಾಪ್‌ಟಾಪ್ ಕೊಳ್ಳೋದು ಸದ್ಯಕ್ಕೆ ಆಗದ ಮಾತು. ಹಾಕಿಸಲೋ ಬೇಡವೋ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು, ಕೊನೆಗೆ ಬಸ್ಸು ಹತ್ತಿದ್ದೆ.

ಅಕ್ಕ ಅಂದರೆ ಒಡಹುಟ್ಟಿದವರಲ್ಲ. ಬಸ್‌ಸ್ಟ್ಯಾಂಡ್ ಹಿಂದೆ ಅವರದೊಂದು ಡಿಟಿಪಿ ಅಂಗಡಿ. ಪಿಯುಸಿ ಫೇಲಾಗಿ ಮನೆಯಲ್ಲಿ ಬೈಸಿಕೊಂಡು ಕೂತಿದ್ದ ನನ್ನನ್ನು ಕರೆದು ಟೈಪಿಂಗ್ ಕಲಿಸಿದರು, ಕೆಲಸಕ್ಕಿಟ್ಟುಕೊಂಡರು. ಕಾರ್ಡಿನಲ್ಲಿ ಒಂದು ಕಡೆ ಕನ್ನಡ. ಬೀಗರು ಆಂಧ್ರದ ಕಡೆಯವರಾದರೆ ಹಿಂದುಗಡೆ ತೆಲುಗು. ಮೇಲೆ ಮಾವಿನ ತೋರಣವನ್ನು ಪ್ರತಿ ಮನೆಗೂ ಬೇರೆಬೇರೆಯಾಗಿ ತಾವೇ ಬರೆಯೋರು. ಗಯ್ಯಾಳಿ ಅಂತ ಕೆಲವರು ಆಡಿಕೊಳ್ಳುತ್ತಿದ್ದರು. ಗಯ್ಯಾಳಿಯೇನಲ್ಲ, ಬಾಯಿ ಜೋರು, ಅಷ್ಟೆ.

ಅವರದೊಂದು ಕಟ್ಟಳೆ ಇತ್ತು. ಕಂಪ್ಯೂಟರಿನ ರಿಪೇರಿ, ಬದಲಾವಣೆ ಏನಿದ್ದರೂ ಆಷಾಢದಲ್ಲೇ. ಆಷಾಢದಲ್ಲಿ ಮದುವೆ ಇಲ್ಲ, ಕಾರ್ಡಿಲ್ಲ, ಅಂಗಡಿ ಭಣಭಣ. "ಆಷಾಢದಲ್ಲಿ ಹೊಸದೇನೂ ಮಾಡಬಾರದು ಅಂತಾರಲ್ಲಕ್ಕಾ?" ಅಂತ ಒಮ್ಮೆ ಕೇಳಿದ್ದೆ. "ಅದು ಮನುಷ್ಯರಿಗೆ ಕಣೇ, ಮಿಷನ್ನಿಗಲ್ಲ," ಅಂದರು. ಹಾಗಂತ ರಾಹುಕಾಲ ಮಾತ್ರ ಮಿಷನ್ನಿಗೂ ಇತ್ತು! ಅದ್ಯಾವ ಸೀಮೆ ಲೆಕ್ಕವೋ, ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಒಂದು ವೈಶಾಖ, ಶುಕ್ರವಾರ. ಬೈರಕೂರಿನ ಒಂದು ಮನೆಯ ಕಾರ್ಡು ಅವತ್ತೇ ಪ್ರೆಸ್ಸಿಗೆ ಹೋಗಬೇಕಿತ್ತು. ಹತ್ತೂವರೆ ದಾಟಿದ್ದೇ ತಡ, ಈ ಲ್ಯಾಪ್‌ಟಾಪ್ ತನ್ನಷ್ಟಕ್ಕೆ ತಾನು ಅಪ್‌ಡೇಟಿಗೆ ಕೂತುಬಿಟ್ಟಿತು. ಆಫ್ ಮಾಡಬೇಡಿ ಅಂತ ಸ್ಕ್ರೀನಿನ ಮೇಲೆ ಬರುತ್ತಲೇ ಇತ್ತು. "ಅಯ್ಯೋ, ರಾಹುಕಾಲದಲ್ಲಿ ಶುರು ಹಚ್ಕೊಂಡಿದೆಯಲ್ಲೇ ಇದು!" ಅಂದವರೇ ಅಕ್ಕ ಬಟನ್ ಒತ್ತಿ ಹಿಡಿದರು. ನಾನು ಬೇಡ ಬೇಡ ಅನ್ನೋದರೊಳಗೆ ಸ್ಕ್ರೀನು ಕಪ್ಪಾಯಿತು. "ಹನ್ನೆರಡರ ಮೇಲೆ ಮಾಡ್ಕೊಳ್ಳಲಿ, ಯಾರು ಬೇಡ ಅಂದೋರು?" ಹನ್ನೆರಡರ ಮೇಲೆ ಜಪ್ಪಯ್ಯ ಅಂದರೂ ಅದು ಏಳಲಿಲ್ಲ. ಬೈರಕೂರಿನ ಕಾರ್ಡೂ ಅದರ ಜೊತೆಗೇ ಹೋಯಿತು.

ಬೇರೆಯವರಾಗಿದ್ದರೆ ಕರೆಂಟಿನ ಮೇಲೆ ಹಾಕುತ್ತಿದ್ದರು. ಅಕ್ಕ ನನ್ನನ್ನೂ ಎಳೆದುಕೊಂಡು ಬೈರಕೂರಿಗೆ ಹೋಗಿ, ಅಂಗಳದಲ್ಲಿ ನಿಂತೇ ನಡೆದದ್ದೆಲ್ಲ ಹೇಳಿದರು. ನಾನು ಬೈಗುಳಕ್ಕೆ ತಯಾರಾಗಿ ಅವರ ಹಿಂದೆ ನಿಂತಿದ್ದೆ. ಮದುವೆ ಹುಡುಗಿಯ ಅಜ್ಜಿ ಎಲ್ಲ ಕೇಳಿಸಿಕೊಂಡು, "ರಾಹುಕಾಲಂಲೋ ಆಪೇಸಿನಾವು, ಮಂಚಿ ಪನಿ ಚೇಸಿನಾವಮ್ಮಾ," ಅಂದುಬಿಟ್ಟರು. ನಿಲ್ಲಿಸಿದ್ದೇ ಒಳ್ಳೇದಾಯಿತಂತೆ! ಮೇಲೆ ಒಂದು ಚೀಲ ಮಾವಿನಹಣ್ಣು ಬೇರೆ. ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ, ಈಗೇನಂತೀಯ ಅನ್ನೋ ಹಾಗೆ ನನ್ನ ಕಡೆ ತಿರುಗಿದರು. ಇಬ್ಬರಿಗೂ ನಗು ತಡೆಯೋಕಾಗಲಿಲ್ಲ... ಕಂಡಕ್ಟರ್ ಕೂಡ ನಗುತ್ತಿದ್ದ, ಯಾಕೆ ಅಂತ ಗೊತ್ತಿಲ್ಲದೆ.

ಲ್ಯಾಪ್‌ಟಾಪ್ ರಿಪೇರಿಯಾಗಿ ಬಂತು. ಆ ವರ್ಷದ ಆಷಾಢದಲ್ಲಿ, ಕೈಗೆ ಕೆಲಸವಿಲ್ಲದಾಗ, ಅಕ್ಕ ನನ್ನ ಮದುವೆ ಕಾರ್ಡು ಮಾಡಿದರು. ವಧು ಅಂತ ನನ್ನ ಹೆಸರು, ಅಪ್ಪ ಅಮ್ಮನ ಹೆಸರು, ವರನ ಜಾಗ ಖಾಲಿ. ತೋರಣ ಎಲ್ಲರದಕ್ಕಿಂತ ದೊಡ್ಡದು. "ಒಂದು ಹೆಸರು ಹೊಡೆದ್ರೆ ಆಯ್ತು, ಸೀದಾ ಪ್ರೆಸ್ಸಿಗೆ," ಅನ್ನೋರು. ನೋಡಕ್ಕೆ ಬಂದೋರು ಬಂದರು, ಉಪ್ಪಿಟ್ಟು ತಿಂದರು, ಹೋದರು. ಆಗಲಿಲ್ಲ. ನಾನು ಅಳಿಸಿಬಿಡಕ್ಕಾ ಅಂದಾಗಲೆಲ್ಲ ರೇಗೋರು. ಕಾಯಿಲೆ ಬಿದ್ದು ಅಂಗಡಿ ಮುಚ್ಚುವಾಗ ಈ ಲ್ಯಾಪ್‌ಟಾಪ್ ನನ್ನ ಕೈಗಿಟ್ಟು, "ನಿನ್ ಕಾರ್ಡು ಇದರಲ್ಲೇ ಇದೆ ಕಣೇ, ಜೋಪಾನ," ಅಂದರು. ಮುಂದಿನ ಆಷಾಢಕ್ಕೆ ಅವರು ಇರಲಿಲ್ಲ...

ಇದನ್ನೆಲ್ಲ ರಿಪೇರಿಯವರಿಗೆ ಹೇಳಲಿಲ್ಲ. ಹಳೇ ಕಾರ್ಡುಗಳನ್ನ ಉಳಿಸೋಕಾಗುತ್ತಾ ಅಂತಷ್ಟೇ ಕೇಳಿದೆ. "ಫೋಟೋ ಥರ ಮಾಡಿಕೊಡ್ತೀನಿ ಮೇಡಂ, ಯಾವಾಗ ಬೇಕಾದ್ರೂ ನೋಡಬಹುದು. ತಿದ್ದಕ್ಕಾಗಲ್ಲ, ಅಷ್ಟೆ."

ತಿದ್ದಕ್ಕಾಗಲ್ಲ. ಆ ಖಾಲಿ ಜಾಗ ತುಂಬಬೇಕು ಅನ್ನೋ ಆಸೆ ನನಗೆ ಎಂದೋ ಹೋಗಿದೆ, ಆ ಬಗ್ಗೆ ಬೇಜಾರೂ ಇಲ್ಲ. ಆದರೂ ಆ ಮಾತಿಗೆ ಲ್ಯಾಪ್‌ಟಾಪನ್ನು ಒಂದಿಷ್ಟು ನನ್ನ ಕಡೆಗೇ ಎಳೆದುಕೊಂಡೆ. ತುಂಬಬಹುದು ಅಂತ ನಂಬಿದ್ದ ಒಬ್ಬರು ಇದ್ದರಲ್ಲ, ಅದಕ್ಕೆ. ಅತ್ತ ಮುಳಬಾಗಿಲಲ್ಲಿ ನನ್ನ ಅಂಗಡಿ ಮುಂದೆ ಅರ್ಜಿ ಹಿಡಿದು ಜನ ಕಾಯ್ತಿರ್ತಾರೆ. "ಆಗಲಿ, ಹಾಕಿಕೊಡಿ," ಅಂದೆ.

"ಈಗ್ಲೇ ಶುರು ಮಾಡ್ಲಾ?"

ಗೋಡೆ ಗಡಿಯಾರ ನೋಡಿದೆ. ಹತ್ತು ಮುಕ್ಕಾಲು. ಶುಕ್ರವಾರ. ನನಗೆ ರಾಹುಕಾಲದಲ್ಲಿ ನಂಬಿಕೆ ಇಲ್ಲ, ಅವತ್ತೂ ಇರಲಿಲ್ಲ.

"ಹನ್ನೆರಡರ ಮೇಲೆ," ಅಂದೆ. "ಅಲ್ಲೀವರೆಗೆ ಒಂದು ಕಾರ್ಡು ನೋಡ್ಕೋಬೇಕು."

ನನ್ನ ಕಾರ್ಡು ತೆರೆದೆ. ವರನ ಜಾಗವನ್ನು ಹಾಗೇ ಬಿಟ್ಟೆ. ಕೆಳಗೆ, ತಮ್ಮ ಆಗಮನಾಭಿಲಾಷಿಗಳು ಅನ್ನೋ ಕಡೆ, ಅಪ್ಪ ಅಮ್ಮನ ಹೆಸರಿನ ಪಕ್ಕದಲ್ಲಿ ಅಕ್ಕನ ಹೆಸರು ಸೇರಿಸಿದೆ. ಫೋಟೋ ಆದಮೇಲೆ ಇನ್ನು ಅದನ್ನ ಯಾರ ಕೈಲೂ ತಿದ್ದಕ್ಕಾಗಲ್ಲ. ಕಣ್ಣು ಒರೆಸಿಕೊಂಡು, ಹನ್ನೆರಡು ಹೊಡೆಯೋವರೆಗೆ ಅದರ ಮುಂದೆಯೇ ಕೂತಿದ್ದೆ.