ಶಾಲೆ ಹೊತ್ತಿನ ಸಿಸ್ಟರುಗಳು

ಜಯಲತಾಗೆ ಆ ಭಾನುವಾರ ರಜೆ ಸಿಕ್ಕಿದ್ದೇ ದೊಡ್ಡ ಮಾತು. ಮುಂಬೈ ಪಕ್ಕದ ನೆರೂಳದ ಒಂದು ಖಾಸಗಿ ಆಸ್ಪತ್ರೆಯ ಜನರಲ್ ವಾರ್ಡಿಗೆ ಅವಳು ಇನ್‌ಚಾರ್ಜ್ ಸಿಸ್ಟರ್. ಕಾರ್ಕಳದ ಕಡೆಯಿಂದ ನರ್ಸಿಂಗ್ ಮುಗಿಸಿ ಬಂದವಳು, ಇಲ್ಲೇ ಮದುವೆಯಾಗಿ, ಮಗಳನ್ನು ಓದಿಸಿ, ತಲೆ ನರೆತರೂ ವಾರ್ಡು ಬಿಟ್ಟವಳಲ್ಲ. ಆದರೆ ಈಚೆಗೆ ಅವಳ ಕೈಕೆಳಗಿನ ಹುಡುಗಿಯರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುತ್ತಿದ್ದರು. ಒಬ್ಬಳು ದುಬೈಗೆ ಹೋದಳು, ಒಬ್ಬಳು ಜರ್ಮನಿಗೆ. ಹೆರಿಗೆಗೆ ಹೋದವಳು ಹನ್ನೆರಡು ಗಂಟೆಯ ಡ್ಯೂಟಿ ಇನ್ನು ತನ್ನಿಂದಾಗದೆಂದು ತಿರುಗಿ ಬರಲೇ ಇಲ್ಲ. ಉಳಿದವರು ಊಟದ ಡಬ್ಬಿಯನ್ನು ತೆರೆಯದೆಯೇ ಮನೆಗೆ ಒಯ್ಯುತ್ತಿದ್ದರು. ಇಂಜೆಕ್ಷನ್ ತಡವಾಯಿತೆಂದು ಪೇಷಂಟುಗಳ ಕಡೆಯವರು ಕೂಗಾಡದ ದಿನವಿರಲಿಲ್ಲ. ವಾರ್ಡಿನಲ್ಲೆಲ್ಲ ಚುರುಕಾದವಳು ರಮಿತಾ. ಹೋದ ತಿಂಗಳು ಪೇಷಂಟಿನ ಕಡೆಯವನೊಬ್ಬ ಅವಳ ಮೇಲೆ ಕೈಯನ್ನೂ ಎತ್ತಿದ್ದ. ಮರುವಾರವೇ ಅವಳೂ ಜರ್ಮನ್ ಕ್ಲಾಸಿಗೆ ಸೇರಿದ್ದಳು.

ಅಂಥ ಅಪರೂಪದ ರಜೆಯಲ್ಲಿ ಜಯಲತಾ ಪಕ್ಕದ ಬಿಲ್ಡಿಂಗಿನ ಲೋಲಾಕ್ಷಿಯ ಮನೆಗೆ ಹೋದಳು. ಲೋಲಾಕ್ಷಿಯ ಅತ್ತೆ ಪಾರ್ಶ್ವವಾಯು ಬಡಿದು ವರ್ಷದಿಂದ ಮಲಗಿದಲ್ಲೇ ಇದ್ದರು. ನೋಡಿ ಮಾತಾಡಿಸಿ ಬರುವ ಎಂದು ಎರಡು ಮೋಸಂಬಿ ಹಿಡಿದು ಹೋಗಿದ್ದು, ಅಷ್ಟೇ.

ಮಂಚದ ಹತ್ತಿರ ಕೂತವಳ ಕಣ್ಣು ಚಾದರದ ಮೇಲೆ ನಿಂತುಬಿಟ್ಟಿತು. ಮೂಲೆಗಳನ್ನು ಆಸ್ಪತ್ರೆಯಲ್ಲಿ ಮಾಡುವ ಹಾಗೆ ಓರೆಯಾಗಿ ಮಡಚಿ, ಹಾಸಿಗೆಯ ಅಡಿಗೆ ಬಿಗಿಯಾಗಿ ಸಿಕ್ಕಿಸಿತ್ತು. ಒಂದು ಸುಕ್ಕಿಲ್ಲ. ಅಜ್ಜಿಯ ಹಿಮ್ಮಡಿಯ ಕೆಳಗೆ ಸಣ್ಣ ದಿಂಬು. ಜಯಲತಾ ಮೆಲ್ಲಗೆ ಅವರನ್ನು ಮಗ್ಗುಲಿಗೆ ಹೊರಳಿಸಿ ಬೆನ್ನು ನೋಡಿದಳು. ವರ್ಷವಿಡೀ ಮಲಗಿದವರ ಬೆನ್ನಿನಲ್ಲಿ ಹುಣ್ಣಿನ ಗುರುತೂ ಇಲ್ಲ.

ಅಡಿಗೆಮನೆಯಿಂದ ಚಹಾ ತಂದ ಲೋಲಾಕ್ಷಿಯನ್ನು ಅವಳು ನೇರವಾಗಿ ಕೇಳಿದಳು.

"ನೀನು ಎಲ್ಲಿ ಟ್ರೇನಿಂಗ್ ಮಾಡಿದ್ದು?"

ಲೋಲಾಕ್ಷಿ ಕಪ್ಪು ಹಿಡಿದುಕೊಂಡೇ ನಿಂತಳು. "ಮಂಗಳೂರಲ್ಲಿ, ಜಯಕ್ಕ. ನಿಮಗೆ ಯಾರು ಹೇಳಿದ್ದು?"

ಒಂದೇ ಸೊಸೈಟಿಯಲ್ಲಿ ಇಷ್ಟು ವರ್ಷ ಇದ್ದು, ಗಣೇಶ ಚೌತಿಗೆ ಒಟ್ಟಿಗೆ ಲಾಡು ಕಟ್ಟಿ, ಇವಳು ನರ್ಸ್ ಎಂಬುದು ಜಯಲತಾಗೆ ಗೊತ್ತೇ ಇರಲಿಲ್ಲ. ಡೊಂಬಿವಲಿಯ ನರ್ಸಿಂಗ್ ಹೋಮೊಂದರಲ್ಲಿ ಮೂರು ವರ್ಷ ಕೆಲಸ ಮಾಡಿದ್ದಳಂತೆ. ಮಗ ಸುಜನ್ ಹುಟ್ಟಿದ ಮೇಲೆ ಬಿಟ್ಟದ್ದು. ಈಗ ಅವನು ಆರನೇ ಕ್ಲಾಸು. ತಿರುಗಿ ಹೋಗಬೇಕೆಂದು ಅನಿಸಲಿಲ್ಲವೇ ಎಂದು ಕೇಳಿದಾಗ ಲೋಲಾಕ್ಷಿ ನಕ್ಕಳು. ಅನಿಸಿತ್ತು, ಎರಡು ಕಡೆ ಕೇಳಿಯೂ ಇದ್ದಳು. ಎಲ್ಲ ಕಡೆಯೂ ಹನ್ನೆರಡು ಗಂಟೆಯ ಡ್ಯೂಟಿ. ಸುಜನ್ ಶಾಲೆಯಲ್ಲಿರುವಷ್ಟು ಹೊತ್ತು ಮಾತ್ರ ಬರಲಾ ಎಂದದ್ದಕ್ಕೆ ಅವರು ನಕ್ಕು ಕಳಿಸಿದ್ದರು. ಅವನ ಶಾಲೆಯ ಗೇಟಿನಲ್ಲಿ ಕಾಯುವ ತಾಯಂದಿರಲ್ಲಿ ಇನ್ನೂ ಒಬ್ಬಳಿದ್ದಾಳೆ, ಶ್ರದ್ಧಾ ಅಂತ, ಮರಾಠಿಯವಳು, ಅವಳದೂ ಇದೇ ಕತೆ.

ಜಯಲತಾ ಮನೆಗೆ ನಡೆದು ಬಂದಳೋ ಓಡಿ ಬಂದಳೋ ಅವಳಿಗೇ ತಿಳಿಯದು. ಊರೆಲ್ಲ ನರ್ಸ್ ಇಲ್ಲ ನರ್ಸ್ ಇಲ್ಲ ಎಂದು ಬಾಯಿ ಬಡಿದುಕೊಳ್ಳುತ್ತಿರುವಾಗ ನರ್ಸುಗಳು ಇಲ್ಲೇ, ಕೊತ್ತಂಬರಿ ಸೊಪ್ಪು ಕೊಳ್ಳುತ್ತ, ಮಕ್ಕಳ ಬ್ಯಾಗು ಹೊತ್ತುಕೊಂಡು ಓಡಾಡುತ್ತಿದ್ದಾರೆ! ಗಂಡ ವಾಸು ವಾಶಿಯ ಹೋಟೆಲಿನಿಂದ ಬರುವ ತನಕ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ.

ಮರುದಿನದಿಂದ ಅವಳದು ಒಂದೇ ಧ್ಯಾನ. ಡ್ಯೂಟಿಗೆ ಹೋಗುವ ದಾರಿಯಲ್ಲಿ ಶಾಲೆಯ ಗೇಟಿನ ಹತ್ತಿರ ಇಳಿದು ಶ್ರದ್ಧಾಳನ್ನು ಹಿಡಿದಳು. ಶ್ರದ್ಧಾ ತುರ್ಭೆಯ ಇನ್ನೊಬ್ಬಳ ಹೆಸರು ಹೇಳಿದಳು, ಅವಳು ತನ್ನ ನಾದಿನಿಯ ಹೆಸರು. ಕನ್ನಡ ಸಂಘದ ಅರಿಶಿನ ಕುಂಕುಮಕ್ಕೆ ಹೋದರೂ ಜಯಲತಾಳ ಕಣ್ಣು ಹೆಂಗಸರ ಕೈಗಳ ಮೇಲೆಯೇ. ನೀನು ಹೀಗೆ ಸುತ್ತುವುದನ್ನು ನೋಡಿ ಜನ ನಮ್ಮ ಮನೆಯಲ್ಲಿ ಮದುವೆಗೆ ಗಂಡಿದ್ದಾನೆಂದು ತಿಳಿದಾರು ಎಂದು ವಾಸು ತಮಾಷೆ ಮಾಡಿದ. ವಾರ ಕಳೆಯುವುದರೊಳಗೆ ಐದು ಮಂದಿ ಸಿಕ್ಕಿದ್ದರು.

ಕಷ್ಟವಿದ್ದದ್ದು ಮನೀಶನ ಕೋಣೆಯಲ್ಲಿ. ಇವರಿಗೆ ಮಕ್ಕಳ ಶಾಲೆಯ ಹೊತ್ತಿನಷ್ಟೇ ಒಂದು ಬೆಳಗಿನ ಪಾಳಿ ಕೊಡಿ ಎಂದು ಜಯಲತಾ ಅಲ್ಲಿ ಕೇಳಿದಳು. ಆಸ್ಪತ್ರೆಯ ಆಡಳಿತ ನೋಡಿಕೊಳ್ಳುವ ಮನೀಶ್ ಕೆಟ್ಟವನಲ್ಲ, ಆದರೆ ಅವನ ಕಂಪ್ಯೂಟರಿನಲ್ಲಿ ಎರಡೇ ಪಾಳಿ ಇದ್ದವು, ಮೂರನೆಯದಕ್ಕೆ ಜಾಗವಿರಲಿಲ್ಲ. ಇಷ್ಟು ವರ್ಷ ಮನೆಯಲ್ಲಿ ಕೂತವರು ಏನಾದರೂ ಎಡವಟ್ಟು ಮಾಡಿದರೆ ಹೊಣೆ ಯಾರದೆಂದು ಅವನು ಹಿಂದಿಯಲ್ಲಿ ಕೇಳಿದ. ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಜಯಲತಾ ವಾದ ಮಾಡಲು ಹೋಗಲಿಲ್ಲ. ನಾಳೆ ಬೆಳಿಗ್ಗೆ ಒಂದು ಗಂಟೆ ಹೊತ್ತು ನನ್ನ ವಾರ್ಡಿನಲ್ಲಿ ನಿಲ್ಲಿ ಎಂದಳು.

ಅವನು ಬಂದ. ಡಾಕ್ಟರರ ರೌಂಡ್ಸು, ಇಂಜೆಕ್ಷನ್ನು, ಡ್ರೆಸ್ಸಿಂಗು, ಆಪರೇಷನ್ನಿಗೆ ಕರೆದೊಯ್ಯುವವರು, ಡಿಸ್ಚಾರ್ಜಿಗೆ ಕಾದವರು, ಎಲ್ಲವೂ ಒಟ್ಟಿಗೇ ಮೈಮೇಲೆ ಬೀಳುವ ಹೊತ್ತು ಅದು. ರಮಿತಾ ಮತ್ತು ಇನ್ನೊಬ್ಬಳು ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಓಡುತ್ತಿದ್ದರು. ಮೂಲೆಯ ಮುದುಕರೊಬ್ಬರು ನೀರು ಬೇಕೆಂದು ಮನೀಶನನ್ನೇ ಕೇಳಿದರು. ಅವನು ಕೊಟ್ಟ. ಆಮೇಲೆ ಕೋಣೆಗೆ ಹೋಗಿ, ಒಂದು ತಿಂಗಳು ನೋಡೋಣ, ಎಂಟರಿಂದ ಹನ್ನೆರಡೂವರೆ, ಆದರೆ ಮೊದಲು ನರ್ಸಿಂಗ್ ನೋಂದಣಿ ನವೀಕರಿಸಿಕೊಂಡು ಬರಲಿ, ತರಬೇತಿ ನಿಮ್ಮದು ಎಂದ. ಜಯಲತಾ ಮೆಟ್ಟಿಲಿನಲ್ಲಿ ನಿಂತೇ ಲೋಲಾಕ್ಷಿಗೆ ಫೋನು ಮಾಡಿದಳು.

ನವೀಕರಣಕ್ಕೆ ಮಳೆಗಾಲವೆಲ್ಲ ಹಿಡಿಯಿತು. ಅಷ್ಟರಲ್ಲಿ ಒಬ್ಬಳು ಮನೆಯವರು ಒಪ್ಪದೆ ಹಿಂದೆ ಸರಿದಳು. ಲೋಲಾಕ್ಷಿಯ ಗಂಡ ಯೋಗೀಶನದು ಹೋಟೆಲಿನಲ್ಲಿ ಮಧ್ಯಾಹ್ನದ ಮೇಲಿನ ಕೆಲಸ. ಬೆಳಿಗ್ಗೆ ಅಮ್ಮನನ್ನು ತಾನೇ ನೋಡಿಕೊಳ್ಳುವೆನೆಂದು ಅವನು ಹೇಳಿದ. ಗಂಜಿ ಕುಡಿಸುವುದು, ಮಗ್ಗುಲು ಬದಲಿಸುವುದು ಎಲ್ಲವನ್ನೂ ಹೆಂಡತಿಯಿಂದ ಕಲಿತ.

ಮೊದಲ ಬೆಳಿಗ್ಗೆ ನಾಲ್ವರೂ ಹೊಸ ಯೂನಿಫಾರ್ಮಿನಲ್ಲಿ ಬಂದು ನಿಂತಾಗ ವಾರ್ಡಿಗೆ ಹಬ್ಬದ ಕಳೆ ಬಂದಂತಿತ್ತು. ಜಯಲತಾ ಎರಡೆರಡು ಸಲ ಅವರನ್ನು ಎಣಿಸಿದಳು. ಆದರೆ ಅರ್ಧ ಗಂಟೆಯೊಳಗೆ ನರಕ್ಕೆ ಔಷಧ ಹರಿಸುವ ಒಂದು ಪಂಪು ಕೂಗತೊಡಗಿತು. ಲೋಲಾಕ್ಷಿಯ ಹಳೆಯ ನರ್ಸಿಂಗ್ ಹೋಮಿನಲ್ಲಿ ಇಂಥ ಯಂತ್ರವೇ ಇರಲಿಲ್ಲ. ಜಯಲತಾಳ ತರಬೇತಿಯಲ್ಲಿ ಕಲಿತದ್ದೆಲ್ಲ ತಲೆಯಿಂದ ಹಾರಿಹೋಗಿ, ಅವಳು ಹಿಂದೆ ಸರಿದುಬಿಟ್ಟಳು.

"ನನ್ನಿಂದ ಆಗುದಿಲ್ಲ ಜಯಕ್ಕ. ನಾನು ಮನೆಗೆ ಹೋಗ್ತೇನೆ."

ಜಯಲತಾ ಬಾಯಿ ತೆರೆಯುವ ಮೊದಲೇ ರಮಿತಾ ಬಂದಳು. ಪಂಪಿನ ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿಯನ್ನು ತೋರಿಸಿ, ಅದನ್ನು ಹೊರಗೆ ತೆಗೆದು, ಲೋಲಾಕ್ಷಿಯ ಬೆರಳನ್ನೇ ಹಿಡಿದು ಗುಂಡಿ ಒತ್ತಿಸಿದಳು. ಕೂಗು ನಿಂತಿತು. ಇದು ದಿನಾ ನನಗೂ ಕೂಗುತ್ತದೆ, ಆಂಟಿ ಎಂದು ಹೇಳಿ ಮುಂದಿನ ಹಾಸಿಗೆಗೆ ಓಡಿದಳು.

ಹತ್ತರ ಸುಮಾರಿಗೆ ವಾರ್ಡಿನಲ್ಲಿ ಮಲಗಿದ್ದ, ತುರ್ಭೆಯಲ್ಲಿ ಮೂಟೆ ಹೊರುವ ಒಬ್ಬ ಲೋಡರನ ಮಗ ಜೋರು ಮಾಡುತ್ತ ರಮಿತಾಳ ಎದುರಿಗೆ ಬಂದು ನಿಂತ. ಅಪ್ಪನಿಗೆ ನೋವು, ಯಾರೂ ಕೇಳುವವರಿಲ್ಲ ಎಂಬುದು ಅವನ ಸಿಟ್ಟು. ರಮಿತಾಳ ಮುಖ ಬಿಳಿಚಿತು. ಜಯಲತಾ ಅತ್ತ ಧಾವಿಸುವಷ್ಟರಲ್ಲಿ ಲೋಲಾಕ್ಷಿ ಇಬ್ಬರ ನಡುವೆ ಬಂದಿದ್ದಳು. ಬಾ, ಅಪ್ಪನ ಹತ್ತಿರ ಹೋಗೋಣ ಎಂದು ತನ್ನ ಮುಂಬೈ ಹಿಂದಿಯಲ್ಲಿ ಹೇಳಿ ಅವನನ್ನು ಕರೆದೊಯ್ದಳು. ಲೋಡರನ ನೋವು ಎಲ್ಲೆಂದು ಕೇಳಿ, ಡಾಕ್ಟರಿಗೆ ಫೋನು ಮಾಡಿ, ಹೇಳಿದ ಇಂಜೆಕ್ಷನ್ ಕೊಟ್ಟು, ನೋವು ಇಳಿಯುವ ತನಕ ಅಲ್ಲಿಯೇ ನಿಂತಳು. ಅಲ್ಲಿಯೇ ನಿಲ್ಲಲು ಆ ವಾರ್ಡಿನಲ್ಲಿ ಎಷ್ಟೋ ಕಾಲದಿಂದ ಯಾರಿಗೂ ಪುರುಸೊತ್ತು ಇರಲಿಲ್ಲ. ಮಗ ಹೊರಗೆ ಹೋಗುವಾಗ ರಮಿತಾಳಿಗೆ ಸಾರಿ ಎಂದು ಹೋದ.

ಆ ಮಧ್ಯಾಹ್ನ ವಾರ್ಡಿನ ಹುಡುಗಿಯರು ಒಟ್ಟಿಗೆ ಕೂತು ಡಬ್ಬಿ ತೆರೆದರು. ಜಯಲತಾ ಬಾಗಿಲಲ್ಲಿ ನಿಂತು ಆ ಗಲಾಟೆ ಕೇಳಿದಳು. ಒಬ್ಬಳ ಉಪ್ಪಿನಕಾಯಿಗೆ ಇನ್ನೊಬ್ಬಳು ಕೈ ಹಾಕುತ್ತಿದ್ದಳು.

ತಿಂಗಳು ಮುಗಿದಾಗ ಮನೀಶ್ ತಾನಾಗಿಯೇ ಕಂಪ್ಯೂಟರಿನಲ್ಲಿ ಮೂರನೆಯ ಪಾಳಿಗೆ ಜಾಗ ಮಾಡಿಸಿದ್ದ. ಎಲ್ಲವೂ ಸರಿಹೋಯಿತೆಂದಲ್ಲ. ಸಂಜೆಯ ಹೊತ್ತಿಗೆ ಈಗಲೂ ಜನ ಸಾಲದು. ರಮಿತಾ ಪರೀಕ್ಷೆ ಪಾಸಾಗಿ ಜರ್ಮನಿಗೆ ಹೋಗಿಯೇ ಹೋದಳು. ಲೋಲಾಕ್ಷಿ ವಿಮಾನ ನಿಲ್ದಾಣದ ತನಕ ಹೋಗಿ ಕಳಿಸಿ ಬಂದಳು.

ಹೋದ ವಾರ ಲೋಲಾಕ್ಷಿ ಹೊಸ ಸುದ್ದಿ ತಂದಳು. ಬೇಲಾಪುರದಲ್ಲಿ ಸತ್ಯಭಾಮಾ ಎಂಬವರಿದ್ದಾರೆ, ಉಡುಪಿಯವರು, ಹಿಂದೆ ಆಪರೇಷನ್ ಥಿಯೇಟರಿನಲ್ಲಿದ್ದವರು. ಮಕ್ಕಳೆಲ್ಲ ದೊಡ್ಡವರಾಗಿ ಸಂಜೆ ಬಿಡುವಾಗಿದ್ದಾರೆ. ಜಯಲತಾ ರಜೆಯ ದಿನಕ್ಕೂ ಕಾಯಲಿಲ್ಲ. ಡ್ಯೂಟಿ ಮುಗಿಸಿದವಳೇ, ಸುಜನನನ್ನು ಅಜ್ಜಿಯ ಹತ್ತಿರ ಕೂರಿಸಿ ಬಂದ ಲೋಲಾಕ್ಷಿಯನ್ನು ಕರೆದುಕೊಂಡು ನೆರೂಳ ಸ್ಟೇಷನ್ನಿಗೆ ನಡೆದಳು.

"ಅವರು ಒಪ್ಪದಿದ್ದರೆ?" ಎಂದು ಲೋಲಾಕ್ಷಿ ಕೇಳಿದಳು.

"ಚಹಾ ಕುಡಿದು ಬರುವ. ನಾಡಿದ್ದು ಮತ್ತೆ ಹೋಗುವ," ಎಂದು ಜಯಲತಾ ಪ್ಲಾಟ್‌ಫಾರ್ಮಿನಲ್ಲಿ ರೈಲಿನ ಲೇಡೀಸ್ ಡಬ್ಬಿ ನಿಲ್ಲುವ ಕಡೆಗೆ ಬೇಗಬೇಗ ಹೆಜ್ಜೆ ಹಾಕಿದಳು.