ಹೆಬ್ಬಾವಿಗೆ ಹಿಡಿದ ನೆಗಡಿ

ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲದಲ್ಲಿ, ಅಮೆರಿಕದ ಸೆಂಟರ್‌ವಿಲ್‌ನ ನಮ್ಮ ಮನೆಯಲ್ಲಿ, ಮಗಳ ಹೆಬ್ಬಾವು ಗೊರಗೊರ ಉಸಿರಾಡತೊಡಗಿತು. ಕಾಲೇಜಿನ ದಿನಗಳಲ್ಲಿ ಅವಳು ಮೊಳದುದ್ದದ ಮರಿಯಾಗಿ ತಂದ ಬರ್ಮಾ ಹೆಬ್ಬಾವು ಅದು. ಅವಳು ಕೆಲಸಕ್ಕೆ ಸೇರುವ ಹೊತ್ತಿಗೆ ಎರಡಾಳುದ್ದ ಬೆಳೆದು, ಅಡುಗೆಮನೆಗೆ ಹೊಂದಿಕೊಂಡ ಊಟದ ಕೋಣೆಯಲ್ಲಿ, ಮೇಜು ಇರಬೇಕಾದ ಜಾಗದಲ್ಲಿ, ಗಾಜಿನ ಬಾಗಿಲಿನ ಮರದ ಪೆಟ್ಟಿಗೆಯೊಳಗೆ ನೆಲೆಸಿತ್ತು. ಈಗ ಅದು ಮೂತಿ ಮೇಲೆತ್ತಿ, ಬಾಯಿ ಅರೆತೆರೆದು ಕೂರುತ್ತಿತ್ತು, ಬಾಯಂಚಿನಲ್ಲಿ ಗುಳ್ಳೆಗಳು.

ಅದನ್ನು ಮಾರಿದ್ದ ಅಂಗಡಿಯವನು, ಪೊರೆ ಕಳಚುವ ಮುನ್ನ ಹೀಗಾಗುತ್ತದೆ, ಚಿಂತೆ ಬೇಡ ಎಂದ. ಪೊರೆ ಕಳಚುವ ಮುನ್ನ ಹಾವಿನ ಕಣ್ಣಿಗೆ ಮಂಜು ಕವಿಯುತ್ತದೆ. ಇದರ ಕಣ್ಣು ತಿಳಿಯಾಗಿತ್ತು. ನಾನು ನಂಬಲಿಲ್ಲ. ಪಕ್ಕದ ಬೀದಿಯ ಮೈಸೂರಿನ ಹೆಣ್ಣುಮಗಳು ಬೇರೆಯೇ ಮದ್ದು ಹೇಳಿದಳು.

“ಅಂಕಲ್, ಬಿಸಿ ಹಾಲಿಗೆ ಅರಿಶಿನ ಹಾಕಿ ಇಟ್ಬಿಡಿ. ಟ್ರೈ ಮಾಡೋದ್ರಲ್ಲಿ ಏನ್ ತಪ್ಪು?”

“ಹಾವು ಹಾಲು ಕುಡಿದದ್ದನ್ನ ನೀನು ನೋಡಿದ್ದೀಯೇನಮ್ಮ?”

“ನಾನ್ ನೋಡಿಲ್ಲ. ನಮ್ಮತ್ತೆ ನೋಡಿದಾರೆ.”

“ಅವರನ್ನ ಕೇಳಿದ್ರೆ ಅವರತ್ತೆ ನೋಡಿದ್ರು ಅಂತಾರೆ ಬಿಡು.”

ಪಶುವೈದ್ಯರು ಪರೀಕ್ಷಿಸಿ, ಶ್ವಾಸಕೋಶಕ್ಕೆ ಸೋಂಕು ತಗುಲಿದೆ, ಥಂಡಿಯೇ ಮೂಲ ಎಂದರು. ಚುಚ್ಚುಮದ್ದು ಕೊಡಬಹುದು, ಥಂಡಿ ನಿಲ್ಲದಿದ್ದರೆ ಹಾವು ಉಳಿಯುವುದು ಕಷ್ಟ. ನಾನು ಅದನ್ನೂ ಒಪ್ಪಲಿಲ್ಲ. ಪೆಟ್ಟಿಗೆಯ ಥರ್ಮಾಮೀಟರ್ ಎಂದೂ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದಿರಲಿಲ್ಲ; ಹೆಬ್ಬಾವಿಗೆ ಅಷ್ಟು ಬಿಸಿ ಸಾಕು.

“ಅಪ್ಪ, ಡಾಕ್ಟರ್ ಹತ್ರಾನೂ ಆರ್ಗ್ಯೂ ಮಾಡ್ತೀರಲ್ಲ,” ಎಂದಳು ಮಗಳು, ಕಾರಿನಲ್ಲಿ. “ಅದು ಸತ್ತೋದ್ರೆ?”

ಏಳನೇ ತರಗತಿಗೆ ಶಾಲೆ ಬಿಟ್ಟವನು ನಾನು. ಗ್ರಂಥಾಲಯದಲ್ಲಿ ಓದಿದ್ದನ್ನೂ ಕೈಯಾರೆ ಮಾಡಿ ನೋಡದೆ ನಂಬುವ ಅಭ್ಯಾಸವಿಲ್ಲ. ವಾದಿಸಿದ ಮೇಲೆ ನನ್ನ ಮಾತನ್ನೂ ಪರೀಕ್ಷಿಸಬೇಕಿತ್ತು. ಮನೆಗೆ ಬಂದು ನೋಡಿದಾಗ ಥರ್ಮಾಮೀಟರ್ ಅಂಟಿಸಿದ್ದ ಜಾಗ ಕಣ್ಣಿಗೆ ಬಿತ್ತು: ಮೇಲ್ಗಡೆ, ಪೆಟ್ಟಿಗೆಯನ್ನು ಬೆಚ್ಚಗಿಡುವ ಬಿಸಿದೀಪದ ಪಕ್ಕದಲ್ಲೇ. ಅದು ದೀಪದ ಬಿಸಿಯನ್ನು ಹೇಳುತ್ತಿತ್ತು, ಹಾವಿನದನ್ನಲ್ಲ. ಭಾನುವಾರ ಇನ್ನೊಂದನ್ನು ತಂದು ಪೆಟ್ಟಿಗೆಯ ತಳದ ಆಚೆ ತುದಿಯಲ್ಲಿಟ್ಟೆ. ಸ್ಟೂಲು ಹಾಕಿಕೊಂಡು ಕುಳಿತೆ, ಎದ್ದೆ, ಮತ್ತೆ ಕುಳಿತೆ. ಹಾವಿನ ಗೊರಗೊರ ಕೇಳುತ್ತಿದ್ದರೆ ಒಂದೆಡೆ ಕೂರಲಾಗುತ್ತಿರಲಿಲ್ಲ.

ಅಡುಗೆಮನೆಯಲ್ಲಿ ಹೆಂಡತಿ ಸಾರಿಗೆ ಒಗ್ಗರಣೆ ಹಾಕಿದಳು. ಸಾಸಿವೆ ಸಿಡಿದು ಒಣಮೆಣಸಿನಕಾಯಿಯ ಘಾಟು ಏಳುತ್ತಲೇ, ಎಂದಿನಂತೆ ಓಡಿಬಂದು ಪೆಟ್ಟಿಗೆಯ ಹಿಂದಿನ ಕಿಟಕಿಯನ್ನು ಪೂರ್ತಿ ತೆರೆದಳು. ಇಲ್ಲದಿದ್ದರೆ ಚಾವಣಿಯ ಹೊಗೆ ಅಲಾರಂ ಬೀದಿಗೆಲ್ಲ ಕೇಳುವಂತೆ ಅರಚುತ್ತಿತ್ತು. ಹೊರಗೆ ಹಿಮ. ಪೆಟ್ಟಿಗೆಯ ಗಾಳಿಕಿಂಡಿಗಳು ಇದ್ದದ್ದು ಅದೇ ಕಿಟಕಿಯ ಮಟ್ಟಕ್ಕೆ. ನಾನು ನೋಡುತ್ತಿದ್ದಂತೆಯೇ ತಳದ ಥರ್ಮಾಮೀಟರಿನ ಪಾದರಸ ಜಾರಿತು. ದಿನಕ್ಕೆರಡು ಅಡುಗೆ, ಚಳಿಗಾಲವಿಡೀ.

“ಲೇ, ಕಿಟಕಿ ಮುಚ್ಚೇ!”

“ರೀ, ಅಲಾರಂ ಹೊಡ್ಕೊಳ್ಳತ್ತೆ. ಹಾವಿಗೋಸ್ಕರ ಒಗ್ಗರಣೆ ಇಲ್ದಿರೋ ಸಾರು ತಿಂತೀರಾ?”

“ತಿಂತೀನಿ.”

“ಬರ್ಕೊಡಿ!”

ಅಷ್ಟಂದವಳೇ ಆ ಮಧ್ಯಾಹ್ನ ಬಾಲ ಹಿಡಿಯಲು ಬಂದಳು. ಅಷ್ಟು ದೊಡ್ಡ ಹಾವನ್ನು ಒಬ್ಬರೇ ಎತ್ತಬಾರದು. ಮಗಳು ತಲೆ, ನಾನು ನಡು. ಕಿಟಕಿಯಿಲ್ಲದ ಒಳಕೋಣೆಗೆ ಸಾಗಿಸಿದೆವು. ಪೆಟ್ಟಿಗೆಯನ್ನೂ ಅಲ್ಲಿಗೇ ತಂದು, ತಳಕ್ಕೆ ಹಾಸಿದ್ದ, ಒದ್ದೆಯಾಗಿದ್ದ ಮರದ ಹೊಟ್ಟನ್ನು ತೆಗೆದು ಒಣ ಕಾಗದ ಹಾಸಿದೆವು. ಎರಡೂ ತುದಿಯಲ್ಲಿ ತಳಕ್ಕೇ ಥರ್ಮಾಮೀಟರ್ ಇಟ್ಟೆವು. ವೈದ್ಯರು ಹೇಳಿದಂತೆ, ಉಸಿರು ಸರಿಯಾಗುವವರೆಗೆ ಆಹಾರ ಕೊಡಲಿಲ್ಲ. ಚುಚ್ಚುಮದ್ದು ನಡೆಯಿತು, ಗೊರಗೊರ ಮಾತ್ರ ಒಂದು ದಿನ ಇಳಿದರೆ ಮರುದಿನ ಏರುತ್ತಿತ್ತು. ನಾನು ಹೊತ್ತುಹೊತ್ತಿಗೆ ಹೋಗಿ ಗಾಜಿಗೆ ಕಿವಿಯಿಡುತ್ತಿದ್ದೆ.

ಒಂದು ಬೆಳಿಗ್ಗೆ ಮಗಳು ಶೂ ಕೈಯಲ್ಲೇ ಹಿಡಿದು ಕರೆದಳು. “ಅಪ್ಪ, ಸೌಂಡೇ ಇಲ್ಲ.”

ಆರೋಗ್ಯವಂತ ಹೆಬ್ಬಾವಿನ ಉಸಿರು ಕೇಳಿಸುವುದಿಲ್ಲ. ಸತ್ತ ಹೆಬ್ಬಾವಿನದೂ ಅಷ್ಟೇ. ಗಾಜು ಸರಿಸಿ ಬಗ್ಗಿ ನೋಡಿದೆ. ಪಕ್ಕೆಗಳು ಉಬ್ಬಿದವೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ ನಾಲಗೆ ಹೊರಬಂದು ಗಾಳಿಯನ್ನು ಮುಟ್ಟಿತು. ಹಾವು ಬಾಯಿ ಮುಚ್ಚಿಕೊಂಡೇ, ಸದ್ದಿಲ್ಲದೆ, ದೀಪದಡಿಗೆ ಹೊರಳಿತು. ಮಗಳು ಅಲ್ಲೇ ನೆಲದ ಮೇಲೆ ಕುಳಿತಳು. ಸ್ವಲ್ಪ ಹೊತ್ತಾದ ಮೇಲೆ ಆಫೀಸಿಗೆ ಫೋನ್ ಮಾಡಿ, ಬರುವುದು ತಡವಾಗುತ್ತದೆ ಎಂದಳು.